ಮಾಲೀಕ ದೂರದಲ್ಲಿರುವಾಗ ಯಂತ್ರ ನಿಲ್ಲಿಸುವವರು ಯಾರು?

ಚರ್ಚೆ ಆರಂಭಿಸಿದವರು: ವರ್ಕ್‌ಶಾಪ್ ಮಾಲೀಕ, ನಗೋಯಾದಿಂದ

ಎಲ್ಲರಿಗೂ ನಮಸ್ಕಾರ. ಯಂತ್ರಗಳ ಬಿಡಿಭಾಗಗಳನ್ನು ಕಡೆದುಕೊಡುವ ಸಣ್ಣ ವರ್ಕ್‌ಶಾಪ್ ಒಂದನ್ನು ಹತ್ತೊಂಬತ್ತು ವರ್ಷಗಳಿಂದ ನಡೆಸುತ್ತಿದ್ದೇನೆ. ಈಗ ನಲವತ್ತೆರಡು ಜನ ಕೆಲಸಕ್ಕಿದ್ದಾರೆ. ಉದ್ಯಮಿಗಳ ತಂಡವೊಂದರ ಜೊತೆ ಹನ್ನೊಂದು ದಿನಗಳ ಮಟ್ಟಿಗೆ ಜಪಾನಿಗೆ ಬಂದಿದ್ದು, ಇಂದಿಗೆ ಆರನೆಯ ದಿನ. ಇಷ್ಟು ದಿನ ಒಟ್ಟಿಗೆ ಕೆಲಸದ ಜಾಗ ಬಿಟ್ಟು ಇರುವುದು ನನಗೆ ಇದೇ ಮೊದಲು. ನನ್ನ ಮದುವೆಯ ವಾರವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಹಾಗಾಗಿ ಮಧ್ಯಾಹ್ನದವರೆಗೆ ನನ್ನ ಫೋನ್ ಸುಮ್ಮನಿರುತ್ತದೆ; ಅಲ್ಲಿ ಮೊದಲ ಶಿಫ್ಟ್ ಶುರುವಾದೊಡನೆ, ಅಂದರೆ ಇಲ್ಲಿ ನಾವು ಊಟಕ್ಕೆ ಕುಳಿತ ಹೊತ್ತಿಗೆ, ಬಡಿದುಕೊಳ್ಳಲು ತೊಡಗುತ್ತದೆ. ಎರಡು ದಿನ ಸಹಿಸಿಕೊಂಡು, ಮೂರನೆಯ ದಿನದಿಂದ ಪ್ರತಿಯೊಂದು ಕರೆಯನ್ನೂ ಡೈರಿಯಲ್ಲಿ ಗುರುತು ಹಾಕಿಕೊಳ್ಳತೊಡಗಿದೆ. ಮೂರು ದಿನಕ್ಕೆ ಐವತ್ತೇಳು ಕರೆಗಳಾದವು. ಅವುಗಳಲ್ಲಿ ನಾನೇ ಉತ್ತರಿಸಬೇಕಾಗಿದ್ದವು ನಾಲ್ಕು. ಉಳಿದ ಐವತ್ತಮೂರರಲ್ಲಿ ಕೇಳಿದವರಿಗೆ ಉತ್ತರ ಮೊದಲೇ ತಿಳಿದಿತ್ತು, "ನಿನಗೇನು ಅನ್ನಿಸುತ್ತದೆ?" ಎಂದು ನಾನು ತಿರುಗಿ ಕೇಳಿದಾಗಲೆಲ್ಲ ಸರಿಯಾದ ಉತ್ತರವೇ ಬಂತು.

ನಿನ್ನೆ ನಗೋಯಾದ ಟೊಯೋಟಾ ಸ್ಮಾರಕ ಕೈಗಾರಿಕಾ ಮತ್ತು ತಂತ್ರಜ್ಞಾನ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. ಟೊಯೋಟಾ ಬಳಗದ ಮೂಲಪುರುಷ ಸಾಕಿಚಿ ಟೊಯೊಡಾ ಅವರು 1911ರಲ್ಲಿ ಮಗ್ಗಗಳ ಪ್ರಯೋಗಕ್ಕೆಂದು ಕಾರ್ಖಾನೆ ಕಟ್ಟಿದ ಜಾಗದಲ್ಲೇ 1994ರಲ್ಲಿ ಅದನ್ನು ತೆರೆದಿದ್ದಾರೆ. ಕಾರುಗಳನ್ನು ನೋಡಲು ಹೋದ ನಾನು ಮಗ್ಗಗಳ ಅಂಕಣದಲ್ಲೇ ನಿಂತುಬಿಟ್ಟೆ. 1924ರ ಜಿ ಮಾದರಿಯ ಸ್ವಯಂಚಾಲಿತ ಮಗ್ಗದಲ್ಲಿ ಹೊಕ್ಕಿನ, ಅಂದರೆ ಅಡ್ಡ ನೇಯುವ ನೂಲು ಮುಗಿಯುತ್ತ ಬಂದರೆ ಲಾಳಿ ತಾನಾಗಿ ಬದಲಾಗುತ್ತದೆ; ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ ಒಂದೇ ಒಂದು ಎಳೆ ಕಡಿದರೂ ಮಗ್ಗ ತಾನಾಗಿ ನಿಲ್ಲುತ್ತದೆ. ಅಲ್ಲಿದ್ದ ಸಿಬ್ಬಂದಿ ನಮ್ಮೆದುರೇ ಒಂದು ಎಳೆಯನ್ನು ಕಡಿದರು. ಎಳೆಯ ಬಿಗುವಿನಲ್ಲಿ ನಿಂತಿದ್ದ ತೆಳು ಲೋಹದ ತುಂಡು ಕೆಳಕ್ಕೆ ಜಾರಿತು, ಅಷ್ಟು ಹೊತ್ತು ಕಿವಿಗಡಚಿಕ್ಕುತ್ತಿದ್ದ ಸದ್ದು ನಿಂತುಹೋಯಿತು. ಕಡಿದ ಎಳೆಯ ಮೇಲೆ ಬಟ್ಟೆ ನೇಯ್ದು ಹಾಳುಮಾಡುವ ಭಯವಿಲ್ಲದ್ದರಿಂದ ಒಬ್ಬರೇ 30ಕ್ಕೂ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. 1929ರಲ್ಲಿ ಇದರ ಪೇಟೆಂಟ್ ಹಕ್ಕಿಗಾಗಿ ಜವಳಿ ಯಂತ್ರಗಳಿಗೆ ಹೆಸರಾಗಿದ್ದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಒಪ್ಪಂದ ಮಾಡಿಕೊಂಡಿತೆಂದರೆ ಆ ಕಾಲಕ್ಕೆ ಅದು ಎಂಥ ಸಂಗತಿಯಾಗಿತ್ತೆಂದು ಊಹಿಸಬಹುದು.

ನಮ್ಮ ಮಾರ್ಗದರ್ಶಿ ಒಂದು ಚೀಟಿಯ ಮೇಲೆ 'ಜಿದೋಕಾ' ಎಂಬ ಪದವನ್ನು ಎರಡು ಬಗೆಯಲ್ಲಿ ಬರೆದು ತೋರಿಸಿದರು. ಎರಡರ ಉಚ್ಚಾರವೂ ಒಂದೇ. ಮೊದಲನೆಯದರಲ್ಲಿ ನಡುವಿನ ಅಕ್ಷರಕ್ಕೆ 'ಚಲಿಸು' ಎಂಬ ಅರ್ಥ, ಅಂದರೆ ಬರಿಯ ಯಾಂತ್ರೀಕರಣ. ಎರಡನೆಯದರಲ್ಲಿ ಅದೇ ಅಕ್ಷರದ ಎಡಕ್ಕೆ ಮನುಷ್ಯನನ್ನು ಸೂಚಿಸುವ ಎರಡು ಗೆರೆಗಳಿವೆ. ಆಗ ಅದು 'ದುಡಿ' ಎಂದಾಗುತ್ತದೆ. ಟೊಯೋಟಾದವರು ಬಳಸುವುದು ಈ ಎರಡನೆಯದನ್ನು.

ಆ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಫೋನ್ ತೆಗೆದರೆ ಸೂಪರ್‌ವೈಸರನಿಂದ ಒಂಬತ್ತು ಕರೆಗಳು ಬಂದಿದ್ದವು. ನಾನು ಸದ್ದಡಗಿಸಿ ಇಟ್ಟಿದ್ದೆ. "ಸಾರ್, ನಾಲ್ಕನೇ ಮಷೀನಿನಲ್ಲಿ ಬೋರ್ ಕಿರಿದಾಗ್ತಾ ಇದೆ, ಇನ್ಸರ್ಟ್ ಸವೆದಿರಬೇಕು. ನಿಲ್ಲಿಸಲಾ?" ಎಂದು ಕೇಳಲು ಆತ ಇಪ್ಪತ್ತೈದು ನಿಮಿಷದಿಂದ ಪ್ರಯತ್ನಿಸುತ್ತಿದ್ದ. ಬೋರ್ ಅಂದರೆ ತುಂಡಿನೊಳಗಿನ ರಂಧ್ರ, ಇನ್ಸರ್ಟ್ ಅಂದರೆ ಅದನ್ನು ಕಡೆಯುವ, ಸವೆದಾಗ ಬದಲಿಸುವ ಅಲಗು. ಅಷ್ಟರಲ್ಲಿ ಹದಿನಾಲ್ಕು ತುಂಡುಗಳು ಅಳತೆಯ ಕೆಳಮಿತಿ ದಾಟಿದ್ದವು. ಬೋರ್ ಕಿರಿದಾಗಿದ್ದರಿಂದ ಮತ್ತೆ ಕಡೆದು ಸರಿಮಾಡಿದೆವು. ಹಿಗ್ಗಿದ್ದರೆ ಅಷ್ಟೂ ಗುಜರಿಗೆ ಹೋಗುತ್ತಿತ್ತು.

ನೂರು ವರ್ಷದ ಹಿಂದಿನ ಮರ–ಕಬ್ಬಿಣದ ಮಗ್ಗಕ್ಕೆ ನಿಲ್ಲುವ ಅಧಿಕಾರವಿತ್ತು. ನನ್ನ ವರ್ಕ್‌ಶಾಪಿನಲ್ಲಿ ಹನ್ನೆರಡು ವರ್ಷ ಅನುಭವವಿರುವ ಸೂಪರ್‌ವೈಸರನಿಗೆ ಅದಿಲ್ಲ. ಅದನ್ನು ಕಿತ್ತುಕೊಂಡವನು ನಾನೇ. ಎರಡು ವರ್ಷದ ಹಿಂದೆ ಒಬ್ಬ ಆಪರೇಟರ್ ಸರಕು ಕಳಿಸುವ ದಿನವೇ ಯಂತ್ರ ನಿಲ್ಲಿಸಿದಾಗ, ಎಲ್ಲರೆದುರಿಗೆ "ಯಾರನ್ನ ಕೇಳಿ ನಿಲ್ಲಿಸಿದೆ?" ಎಂದು ಕೂಗಾಡಿದ್ದೆ. ಆಮೇಲೆ ನೋಡಿದರೆ ಆತ ನಿಲ್ಲಿಸಿದ್ದೇ ಸರಿಯಾಗಿತ್ತು, ಆದರೆ ಅದನ್ನು ನಾನು ಯಾರೆದುರಿಗೂ ಹೇಳಲಿಲ್ಲ. ಗೋಡೆಗೆ ಅಂಟಿಸಿದ ನಿಯಮಗಳು ಏನೇ ಹೇಳಲಿ, ನಮ್ಮಲ್ಲಿ ಅಂದಿನಿಂದ ಜಾರಿಯಲ್ಲಿರುವುದು ಆ ಒಂದು ವಾಕ್ಯ.

ನನ್ನ ಪ್ರಶ್ನೆ ಇಷ್ಟೆ: ಒಮ್ಮೆ ಹೀಗೆ ಕೆಡಿಸಿಕೊಂಡದ್ದನ್ನು ಸರಿಪಡಿಸಿಕೊಂಡವರು ಇಲ್ಲಿ ಯಾರಾದರೂ ಇದ್ದೀರಾ?

ಉಡುಪು ಘಟಕ ನಡೆಸುವವರು

ನೀವು ಒಂದು ವಾಕ್ಯದ ಮೇಲೆ ಎಲ್ಲ ಹೊರೆ ಹಾಕಿದ್ದೀರಿ. ಸಂಬಳದ ಲೆಕ್ಕವನ್ನೂ ಒಮ್ಮೆ ತೆರೆದು ನೋಡಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಹೊಲಿಯುವವರಿಗೆ ಪೀಸ್ ಲೆಕ್ಕದಲ್ಲಿ ಕೂಲಿ ಕೊಡುತ್ತಿದ್ದೆವು. ತೋಳಿನ ಹೊಲಿಗೆ ಸುಕ್ಕುಗಟ್ಟುತ್ತಿರುವುದು ಹೊಲಿಯುವವಳ ಬೆರಳಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಆದರೆ ಆಕೆ ಕೈ ಎತ್ತಿ ಮೆಕ್ಯಾನಿಕ್ ಬರುವವರೆಗೆ ಕಾದರೆ, ಆ ಹತ್ತು ನಿಮಿಷದ ಕೂಲಿ ಆಕೆಗೆ ಸಿಗುವುದಿಲ್ಲ. ಸುಮ್ಮನೆ ಹೊಲಿದು ಮುಂದಕ್ಕೆ ದಾಟಿಸಿದರೆ ದೋಷ ಎರಡು ಗಂಟೆಯ ನಂತರ ತಪಾಸಣೆಯ ಮೇಜಿನಲ್ಲಿ ಸಿಗುತ್ತದೆ, ಆಗ ಅದು ಯಾರದೆಂದು ಹೇಳುವುದೇ ಕಷ್ಟ. ನಾನು "ನಿಸ್ಸಂಕೋಚವಾಗಿ ಹೇಳಿ" ಎಂದು ವರ್ಷಗಟ್ಟಲೆ ಭಾಷಣ ಮಾಡಿದೆ. ಆಕೆ ನನ್ನ ಮಾತು ನಂಬಿದ್ದರೆ ಮನೆಗೆ ಕಡಿಮೆ ದುಡ್ಡು ಒಯ್ಯುತ್ತಿದ್ದಳು, ಅಷ್ಟೆ.

ಕೊನೆಗೆ, ಯಂತ್ರ ನಿಂತ ಹೊತ್ತಿಗೂ ಆಯಾ ದಿನದ ಸರಾಸರಿಯಂತೆ ಕೂಲಿ ಕಟ್ಟಿಕೊಡಲು ತೊಡಗಿದೆವು. ಅದಾದ ಒಂದು ತಿಂಗಳಿಗೆ ಕೈಗಳು ಮೇಲೇಳಲು ಶುರುವಾದವು. ನಿಮ್ಮಲ್ಲಿ ಉತ್ಪಾದನೆಯ ಬೋನಸ್ ಯಾವುದರ ಮೇಲೆ ನಿಂತಿದೆ? ಅದನ್ನು ನೀವು ಬರೆದಿಲ್ಲ.

ಇನ್ನೊಬ್ಬ ಉದ್ಯಮಿ

ಇದೆಲ್ಲ ಜಪಾನಿನವರಿಗೆ ಸರಿ. ಅವರಿಗೆ ಹುಟ್ಟಿನಿಂದಲೇ ಶಿಸ್ತು ಬಂದಿರುತ್ತದೆ. ನಮ್ಮವರ ಕೈಗೆ ಯಂತ್ರ ನಿಲ್ಲಿಸುವ ಅಧಿಕಾರ ಕೊಟ್ಟರೆ ದಿನವೆಲ್ಲ ನಿಲ್ಲಿಸಿಕೊಂಡು ಕೂರುತ್ತಾರೆ. ಅನುಭವದಿಂದಲೇ ಹೇಳುತ್ತಿದ್ದೇನೆ.

ನಿವೃತ್ತ ಫೋರ್‌ಮನ್

ಮೇಲಿನವರ ಮಾತನ್ನು ನಾನು ಮೂವತ್ತನಾಲ್ಕು ವರ್ಷ ಕೇಳಿಸಿಕೊಂಡಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದವಾಗಿ ಉತ್ತರಿಸಲು ಅವಕಾಶ ಕೊಡಿ.

ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್‌ಗೆ ಒಂದು ಕಾರ್ಖಾನೆಯಿತ್ತು. ಗೈರುಹಾಜರಿಗೂ ಜಗಳಕ್ಕೂ ಅದು ಹೆಸರುವಾಸಿಯಾಗಿತ್ತು. 1982ರಲ್ಲಿ ಬೀಗ ಬಿತ್ತು. 1984ರಲ್ಲಿ ಟೊಯೋಟಾ ಮತ್ತು ಜನರಲ್ ಮೋಟರ್ಸ್ ಸೇರಿ ನುಮ್ಮಿ ಎಂಬ ಹೆಸರಿನಲ್ಲಿ ಅದನ್ನು ಮತ್ತೆ ತೆರೆದವು. ಕೆಲಸಕ್ಕೆ ತೆಗೆದುಕೊಂಡವರಲ್ಲಿ ಹೆಚ್ಚಿನವರು ಅದೇ ಹಳೆಯ ಕಾರ್ಮಿಕರು, ಸಂಘವೂ ಅದೇ. ಅವರಲ್ಲಿ ಹಲವರನ್ನು ಜಪಾನಿನ ತಕಾವೊಕಾ ಕಾರ್ಖಾನೆಗೆ ಕಳಿಸಿ ಕೆಲಸ ತೋರಿಸಿದರು, ಹಿಂದಿರುಗಿದ ಮೇಲೆ ಕಾರು ಜೋಡಿಸುವ ಲೈನನ್ನು ನಿಲ್ಲಿಸುವ ಹಗ್ಗವನ್ನು ಅವರ ಕೈಗೇ ಕೊಟ್ಟರು. ಅಲ್ಪಕಾಲದಲ್ಲೇ ಅಲ್ಲಿನ ಕಾರುಗಳ ಗುಣಮಟ್ಟ ಅಮೆರಿಕದ ಉಳಿದ ಕಾರ್ಖಾನೆಗಳಿಗೆ ಮಾದರಿಯಾಯಿತು. ಹುಟ್ಟಿನ ಶಿಸ್ತು ಎಂಬ ಮಾತು ಇಲ್ಲಿಗೆ ಸಾಕು.

ಹಗ್ಗದ ಬಗ್ಗೆ ಹೊರಗಿನವರಿಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಎಳೆದ ಕ್ಷಣವೇ ಎಲ್ಲವೂ ನಿಂತುಬಿಡುತ್ತದೆ ಎಂದು ಭಾವಿಸುತ್ತಾರೆ. ಹಾಗಲ್ಲ. ಎಳೆದಾಗ ಮೊದಲು ಫಲಕದ ಮೇಲೆ ದೀಪ ಹತ್ತುತ್ತದೆ. ಅದಕ್ಕೆ ಅಂದೋನ್ ಎನ್ನುತ್ತಾರೆ, ಹಳೆಯ ಕಾಲದ ಕಾಗದದ ಲಾಂದ್ರದ ಹೆಸರು ಅದು. ಕಾರು ತನ್ನ ಅಂಕಣದ ಕೊನೆಯ ಗೆರೆ ಮುಟ್ಟುವುದರೊಳಗೆ ತಂಡದ ನಾಯಕ ಬಂದು ಸರಿಪಡಿಸಿದರೆ ಲೈನ್ ನಿಲ್ಲುವುದೇ ಇಲ್ಲ. ಸರಿಹೋಗದಿದ್ದರೆ ಮಾತ್ರ ಆ ಗೆರೆಯಲ್ಲಿ ನಿಲ್ಲುತ್ತದೆ. ಅಂದರೆ ಕೆಲಸಗಾರ ಮೊದಲು ಎಳೆಯುವುದು ನೆರವಿಗೆ. ನೆರವು ಹೊತ್ತಿಗೆ ಒದಗದಿದ್ದರೆ ಅದೇ ಎಳೆತ ನಿಲುಗಡೆಯಾಗುತ್ತದೆ.

ಆದ್ದರಿಂದ ಹಗ್ಗಕ್ಕಿಂತ ದೊಡ್ಡ ಪ್ರಶ್ನೆ, ಎಳೆದಾಗ ಓಡಿ ಬರುವವರು ಯಾರು ಎನ್ನುವುದು. ಅವರಲ್ಲಿ ಐದಾರು ಜನರಿಗೊಬ್ಬ ತಂಡದ ನಾಯಕನಿರುತ್ತಾನೆ. ನಮ್ಮಂಥ ಕಡೆ ಇಪ್ಪತ್ತು ಜನರಿಗೆ ಒಬ್ಬ ಸೂಪರ್‌ವೈಸರ್, ಆತನೂ ಅರ್ಧ ದಿನ ಸ್ಟೋರ್ಸಿನಲ್ಲಿ, ಇನ್ನರ್ಧ ದಿನ ಸರಕು ತುಂಬಿಸುವುದರಲ್ಲಿ ಇರುತ್ತಾನೆ. ದೀಪ ಹತ್ತಿ, ಹತ್ತು ನಿಮಿಷ ಯಾರೂ ಬರಲಿಲ್ಲವೆಂದರೆ ಮರುದಿನದಿಂದ ಅದನ್ನು ಯಾರೂ ಹತ್ತಿಸುವುದಿಲ್ಲ. ಮಾಲೀಕರೇ, ನಿಮ್ಮಲ್ಲಿ ಎಷ್ಟು ಜನರಿಗೊಬ್ಬರು ಇದ್ದಾರೆ?

ಒಬ್ಬ ಉದ್ಯೋಗಿ

ಇಲ್ಲಿ ಬರೆದವರೆಲ್ಲ ಮಾಲೀಕರು ಅಥವಾ ಮೇಲ್ವಿಚಾರಕರು. ನಾನು ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡುವವನು, ಆ ಬದಿಯಿಂದ ಒಂದು ಮಾತು ಹೇಳುತ್ತೇನೆ.

ಆ ಐವತ್ತಮೂರು ಕರೆಗಳಲ್ಲಿ ಉತ್ತರ ಗೊತ್ತಿದ್ದೂ ಕೇಳಿದರೆಂದು ಬರೆದಿದ್ದೀರಿ, ಆದರೆ ಯಾಕೆ ಕೇಳಿದರೆಂದು ಬರೆದಿಲ್ಲ. ನಾವು ಫೋನ್ ಮಾಡುವುದು ಉತ್ತರಕ್ಕಾಗಿ ಅಲ್ಲ ಸಾರ್, ರಸೀದಿಗಾಗಿ. ನಾಳೆ ಏನಾದರೂ ಎಡವಟ್ಟಾದರೆ "ನಿಮ್ಮನ್ನು ಕೇಳಿಯೇ ಮಾಡಿದ್ದು" ಎಂದು ಹೇಳಿಕೊಳ್ಳಲು ಒಂದು ಆಧಾರ ಬೇಕು. ಒಂಬತ್ತು ಬಾರಿ ಫೋನ್ ಮಾಡಿದ ನಿಮ್ಮ ಸೂಪರ್‌ವೈಸರನಿಗೆ ಹದಿನಾಲ್ಕು ತುಂಡು ಹೋದದ್ದರಿಂದ ಬೈಗುಳ ಬೀಳಲಿಲ್ಲ ಅಲ್ಲವೇ? ಕೇಳದೆ ನಿಲ್ಲಿಸಿದ್ದರೆ ಬೀಳುವ ಸಾಧ್ಯತೆ ಇತ್ತು. ಆತ ಲೆಕ್ಕ ಸರಿಯಾಗಿಯೇ ಹಾಕಿದ್ದಾನೆ.

ಇನ್ನೊಂದು ವಿಷಯ. ಮಾಲೀಕರು ಪ್ರವಾಸ ಮುಗಿಸಿ ಹೊಸ ವಿಚಾರಗಳೊಡನೆ ಬರುವುದನ್ನು ನಾವು ಹಿಂದೆಯೂ ಕಂಡಿದ್ದೇವೆ. ಎರಡು ವಾರ ಸಭೆಗಳಾಗುತ್ತವೆ, ಬಣ್ಣದ ಚೀಟಿಗಳು ಗೋಡೆ ಏರುತ್ತವೆ. ಮೊದಲ ತುರ್ತಿನ ಸರಕು ಬಂದ ದಿನ ಎಲ್ಲವೂ ಹಳೆಯ ದಾರಿಗೆ ಬರುತ್ತದೆ. ಹಾಗಾಗಿ ನಿಮ್ಮವರು ಆ ದಿನ ಬರುವವರೆಗೂ ಕಾದು ನೋಡುತ್ತಾರೆ ಎಂಬುದನ್ನು ಈಗಲೇ ತಿಳಿದಿದ್ದರೆ ಒಳ್ಳೆಯದು.

ಗುಣಮಟ್ಟ ವಿಭಾಗದ ಎಂಜಿನಿಯರ್

ಚರ್ಚೆ ಚೆನ್ನಾಗಿದೆ, ಆದರೆ ನಗೋಯಾದಲ್ಲಿ ಕುಳಿತು ನೋಡಿದಾಗ ಕಾಣದ ಇನ್ನೊಂದು ಮುಖವೂ ಅದೇ ನೆಲದಲ್ಲಿದೆ. 2016ರಿಂದ ಸಂಪೂರ್ಣವಾಗಿ ಟೊಯೋಟಾದ ಒಡೆತನದಲ್ಲಿರುವ ದೈಹಾತ್ಸು ಕಾರು ಕಂಪನಿಯ ಸುರಕ್ಷತಾ ಪರೀಕ್ಷೆಗಳ ಬಗ್ಗೆ ಸ್ವತಂತ್ರ ಸಮಿತಿಯೊಂದು 2023ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. 25 ಬಗೆಯ ಪರೀಕ್ಷೆಗಳಲ್ಲಿ ಹೊಸದಾಗಿ 174 ಅಕ್ರಮಗಳು ಸಿಕ್ಕವು; ಒಟ್ಟು 64 ಮಾದರಿಗಳು ಅದರ ಸುಳಿಗೆ ಸಿಕ್ಕವು; ಅತಿ ಹಳೆಯದು 1989ರದು. ಕಂಪನಿ ತನ್ನ ಎಲ್ಲ ವಾಹನಗಳ ಸರಬರಾಜನ್ನೂ ನಿಲ್ಲಿಸಬೇಕಾಯಿತು. ಹೊಸ ವಾಹನ ಸಿದ್ಧಪಡಿಸಲು ಹಾಕಿಕೊಂಡಿದ್ದ ವಿಪರೀತ ಬಿಗಿಯಾದ ಗಡುವು, ತೊಂದರೆಯನ್ನು ಮೇಲಿನವರಿಗೆ ಹೇಳಲಾಗದ ವಾತಾವರಣ, ಇವನ್ನೇ ಸಮಿತಿ ಎತ್ತಿ ಹೇಳಿತು. ಲೈನಿನ ಮೇಲೆ ಹಗ್ಗವಿದ್ದ ಬಳಗದಲ್ಲೇ ಪರೀಕ್ಷಾಲಯದ ಎಂಜಿನಿಯರ್‌ಗಳಿಗೆ ಎಳೆಯಲು ಹಗ್ಗ ಇರಲಿಲ್ಲ.

ಅತಿಯಾದ ದುಡಿಮೆಯಿಂದ ಬರುವ ಸಾವಿಗೆ 'ಕರೋಶಿ' ಎಂಬ ಪ್ರತ್ಯೇಕ ಪದವಿರುವ, ಅದನ್ನು ತಡೆಯಲೆಂದೇ 2014ರಲ್ಲಿ ಕಾನೂನು ಮಾಡಬೇಕಾಗಿ ಬಂದ ದೇಶವದು. ಓವರ್‌ಟೈಮಿಗೆ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆಗಳ ಮಿತಿಯನ್ನು ದೊಡ್ಡ ಕಂಪನಿಗಳಿಗೆ 2019ರ ಏಪ್ರಿಲ್‌ನಿಂದ, ಸಣ್ಣವಕ್ಕೆ ಮರುವರ್ಷದಿಂದ ವಿಧಿಸಿದರು. ಅದರಲ್ಲೂ ವಿಶೇಷ ಸಂದರ್ಭವೆಂದು ವರ್ಷಕ್ಕೆ 720 ಗಂಟೆಯವರೆಗೆ ಹೋಗಲು ದಾರಿ ಉಳಿಸಿದ್ದಾರೆ. ಹೀಗಾಗಿ ಅಲ್ಲಿಂದ ತರುವುದನ್ನು ಆರಿಸಿ ತನ್ನಿ. ನಿಮ್ಮ ಕಚೇರಿಯಲ್ಲಿ ದರಪಟ್ಟಿ ಬರೆಯುವವರಿಗೆ, ದಿನಾಂಕ ಒಪ್ಪಿಕೊಳ್ಳುವವರಿಗೆ "ಇದು ಆಗದು" ಎನ್ನುವ ಹಕ್ಕಿದೆಯೇ ಎಂದೂ ನೋಡಿಕೊಳ್ಳಿ.

ವರ್ಕ್‌ಶಾಪ್ ಮಾಲೀಕ

ಹಿಂದಿರುಗುವ ಹಿಂದಿನ ರಾತ್ರಿ ಬರೆಯುತ್ತಿದ್ದೇನೆ. ರಸೀದಿಯ ಮಾತು ಓದಿದ ಮೇಲೆ ಡೈರಿಯ ಪುಟಗಳನ್ನು ಇನ್ನೊಮ್ಮೆ ತಿರುವಿದೆ. ಹೆಚ್ಚಿನ ಕರೆಗಳ ಕೊನೆಯಲ್ಲಿ "ಹಾಗಾದ್ರೆ ನೀವು ಹೇಳಿದ್ದೀರಿ ಅಂತ ಮಾಡ್ತೀನಿ ಸಾರ್" ಎಂಬ ಮಾತಿತ್ತು. ಅದನ್ನು ನಾನು ಇಷ್ಟು ವರ್ಷ ವಿನಯವೆಂದು ತಿಳಿದಿದ್ದೆ.

ಉಡುಪು ಘಟಕದ ಮೇಡಂ, ನಮ್ಮ ಬೋನಸ್ ಶಿಫ್ಟಿಗೆ ಎಷ್ಟು ತುಂಡು ಎಂಬುದರ ಮೇಲೆಯೇ ನಿಂತಿದೆ. ನೀವು ಕೇಳುವವರೆಗೂ ಅದು ಈ ವಿಷಯಕ್ಕೆ ಸಂಬಂಧಪಟ್ಟದ್ದೆಂದು ನನಗೆ ಹೊಳೆದಿರಲಿಲ್ಲ. ಹಿರಿಯರೇ, ನಮ್ಮಲ್ಲಿ ಹದಿನಾಲ್ಕು ಜನರಿಗೊಬ್ಬ ಸೂಪರ್‌ವೈಸರ್.

ಮೊನ್ನೆ ಇಲ್ಲಿನ ಒಂದು ಸಣ್ಣ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕಂಡದ್ದನ್ನು ಹೇಳಿ ಮುಗಿಸುತ್ತೇನೆ. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಗುಂಡಿ ಒತ್ತಿದ, ಹಳದಿ ದೀಪ ಹತ್ತಿತು. ನಾಯಕಿ ನಡೆದೇ ಬಂದರು, ಓಡಲಿಲ್ಲ. ಬಂದವರು ಹುಡುಗನ ಮುಖ ನೋಡಲಿಲ್ಲ. ಆತ ತೋರಿಸುತ್ತಿದ್ದ ತುಂಡನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಇಬ್ಬರೂ ತಲೆ ಬಗ್ಗಿಸಿ ಅದನ್ನೇ ನೋಡಿದರು. ನನ್ನ ವರ್ಕ್‌ಶಾಪಿನಲ್ಲಿ ನಾನು ಯಂತ್ರದ ಬಳಿ ಹೋದಾಗ ಮೊದಲು ನೋಡುವುದು ಎದುರಿಗಿದ್ದವನ ಮುಖವನ್ನು. ಆತ ನೋಡುವುದೂ ನನ್ನ ಮುಖವನ್ನೇ. ತುಂಡು ಇಬ್ಬರ ನಡುವೆ ಎಲ್ಲೋ ಬಿದ್ದಿರುತ್ತದೆ.

ವರ್ಕ್‌ಶಾಪ್ ಮಾಲೀಕ, ಐದು ವಾರಗಳ ನಂತರ

ಹಲವರು ಏನಾಯಿತೆಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಪ್ರತಿ ಯಂತ್ರಕ್ಕೂ ಒಂದು ದೀಪ ಮತ್ತು ಗುಂಡಿ ಹಾಕಿಸಿದೆ. ಅನುಭವಿ ಆಪರೇಟರ್‌ಗಳಲ್ಲಿ ಇಬ್ಬರನ್ನು ಅರ್ಧ ದಿನ ಯಂತ್ರದಿಂದ ಬಿಡಿಸಿ, ದೀಪ ಹತ್ತಿದಲ್ಲಿಗೆ ಹೋಗುವ ಕೆಲಸ ಕೊಟ್ಟೆ. ಅಷ್ಟರ ಮಟ್ಟಿಗೆ ಉತ್ಪಾದನೆ ಕಡಿಮೆಯಾದದ್ದು ನಿಜ. ದೀಪ ಹತ್ತಿದ್ದ ಹೊತ್ತಿಗೆಂದು ಬೋನಸ್ ಕಡಿಮೆ ಮಾಡುವುದು ಬೇಡವೆಂದು ತೀರ್ಮಾನಿಸಿದೆ.

ಮೊದಲ ವಾರ ಮೂರು ಬಾರಿ ಹತ್ತಿತು, ಎರಡನೆಯ ವಾರ ಹದಿನೇಳು ಬಾರಿ. ಹದಿನೇಳರಲ್ಲಿ ಐದು ಅನಗತ್ಯವಾಗಿದ್ದವು. ಅವುಗಳಿಗೂ ಏನೂ ಅನ್ನದೆ ಸುಮ್ಮನಿರಲು ನಾನು ಪಟ್ಟ ಪಾಡು ನನಗೇ ಗೊತ್ತು. ಮೂರನೆಯ ವಾರ ಉದ್ಯೋಗಿ ಮಿತ್ರರು ಹೇಳಿದ್ದ ಆ ದಿನ ಬಂದೇ ಬಂತು: ತುರ್ತಿನ ಸರಕು ಹೊರಡಬೇಕಿದ್ದ ಮಧ್ಯಾಹ್ನ ಎರಡನೆಯ ಯಂತ್ರದ ದೀಪ ಹತ್ತಿತು, ನಲವತ್ತು ನಿಮಿಷ ನಿಂತಿತು, ಸರಕು ಒಂದು ದಿನ ತಡವಾಯಿತು. ಗಿರಾಕಿಯಿಂದ ಮಾತು ಕೇಳಿಸಿಕೊಂಡೆ. ನಾನು ಹೋಗಿ ಮಾಡಿದ್ದಿಷ್ಟು: ತುಂಡನ್ನು ಕೈಗೆ ತೆಗೆದುಕೊಂಡು, ಅಳೆದು ನೋಡಲು ವರ್ನಿಯರ್ ಕೇಳಿದೆ. ಸುತ್ತ ಇದ್ದವರೆಲ್ಲ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಆದರೆ ಎರಡು ವರ್ಷದ ಹಿಂದೆ ನಾನು ಕೂಗಾಡಿದ್ದು ಯಾರ ಮೇಲೋ, ಆ ಆಪರೇಟರ್ ಇದುವರೆಗೆ ಒಮ್ಮೆಯೂ ಗುಂಡಿ ಒತ್ತಿಲ್ಲ. ಈಗ ನಾಲ್ಕನೇ ಯಂತ್ರದಲ್ಲಿರುವುದು ಆತನೇ. ಎಲ್ಲರೆದುರಿಗೆ ಅಂದು ತಪ್ಪು ನನ್ನದೇ ಎಂದು ಹೇಳಿದೆ. "ಪರವಾಗಿಲ್ಲ ಬಿಡಿ ಸಾರ್" ಎಂದು ತಲೆ ತಗ್ಗಿಸಿದ. ದೀಪ ಹತ್ತದ ಆ ಯಂತ್ರದಲ್ಲೇ ರಿಜೆಕ್ಷನ್ ಎಲ್ಲಕ್ಕಿಂತ ಹೆಚ್ಚು.

ನಿವೃತ್ತ ಫೋರ್‌ಮನ್

ಕ್ಷಮೆ ಕೇಳಿದ್ದು ಸರಿ, ಅದನ್ನು ಮತ್ತೆ ಮತ್ತೆ ಕೇಳಲು ಹೋಗಬೇಡಿ. ಆತನಿಗೆ ಅದೂ ಒಂದು ಹೊರೆಯಾಗುತ್ತದೆ. ಆತನ ಪಕ್ಕದಲ್ಲಿ ಹೋಗಿ ನಿಲ್ಲಲೂ ಬೇಡಿ. ನಿಲ್ಲಿಸುವುದು ಆತನ ಧೈರ್ಯದ ಪ್ರಶ್ನೆಯಾಗಿ ಉಳಿಯದಂತೆ ಮಾಡಿ. ಎಷ್ಟು ತುಂಡಿಗೆ ಇನ್ಸರ್ಟ್ ಬದಲಿಸಬೇಕು ಎಂಬ ಎಣಿಕೆಯನ್ನು ಆತನಿಂದಲೇ ಕೇಳಿ ಬರೆಸಿ, ಯಂತ್ರಕ್ಕೆ ಅಂಟಿಸಿ. ಆ ಎಣಿಕೆ ಮುಟ್ಟಿದಾಗ ಗುಂಡಿ ಒತ್ತುವುದು ದಿನದ ಕೆಲಸವಾಗುತ್ತದೆ. ಒಮ್ಮೆ ಕೈಗೆ ರೂಢಿಯಾದರೆ, ಎಣಿಕೆಗೆ ಮೊದಲೇ ಸದ್ದಿನಲ್ಲಿ ವ್ಯತ್ಯಾಸ ಕೇಳಿಸಿದಾಗಲೂ ಒತ್ತುತ್ತಾನೆ.

ವರ್ಕ್‌ಶಾಪ್ ಮಾಲೀಕ

ಹಿರಿಯರೇ, ನಿಮ್ಮ ಮಾತಿನಂತೆ ನಿನ್ನೆ ಬೆಳಗ್ಗೆ ಕೇಳಿದೆ. ಯೋಚಿಸುವ ಪ್ರಮೇಯವೇ ಇಲ್ಲವೆಂಬಂತೆ "ಎಪ್ಪತ್ತು" ಎಂದ. ನಾನು ಇಷ್ಟು ದಿನ ತೊಂಬತ್ತು ಎಂದು ಲೆಕ್ಕ ಹಾಕಿ ದರ ಕೊಡುತ್ತಿದ್ದೆ. ಮಾರ್ಕರ್ ಪೆನ್ ಆತನ ಕೈಗೇ ಕೊಟ್ಟೆ. ಎಪ್ಪತ್ತು ಎಂದೇ ಬರೆದು ಅಂಟಿಸಿದ್ದಾನೆ. ನಿನ್ನೆ ಒಂದು ಶಿಫ್ಟಿನಲ್ಲಿ ನಾಲ್ಕನೇ ಯಂತ್ರದ ದೀಪ ಎರಡು ಬಾರಿ ಹತ್ತಿತು.